ಹಿಮ್ಮಡಿ ಹಿಡಿದವನ ಹೆಸರು

ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಎಷ್ಟು ವರ್ಷವಾದರೂ ಹಾಜರಿ ಪುಸ್ತಕ ಮಾತ್ರ ತಲೆಯಿಂದ ಹೋಗುವುದಿಲ್ಲ. ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ನಾನಿದ್ದಾಗ ಒಂಬತ್ತನೇ ಕ್ಲಾಸಿನ ಮೂರನೇ ಬೆಂಚಿನಲ್ಲಿ ಇಬ್ಬರು ಹುಡುಗರು ಜೋಡಿಯಾಗಿ ಕೂರುತ್ತಿದ್ದರು. ಒಬ್ಬ ಜೇಮ್ಸ್, ಇನ್ನೊಬ್ಬ ಯಾಕೂಬ್. ಪುಸ್ತಕದಲ್ಲಿ ಜೇಮ್ಸ್ ನಡುವೆ ಬರುತ್ತಿದ್ದ, ಯಾಕೂಬ್ ಕೊನೆಯ ಪುಟಕ್ಕೆ ಹತ್ತಿರ. ಶಾಲೆಯ ಎದುರಿಗೆ ಒಂದು ಬೇಕರಿ. ಅದನ್ನು ನಡೆಸುತ್ತಿದ್ದವರು ಕೇರಳದಿಂದ ಬಂದ ಚಾಕೊ. ಈ ಇಬ್ಬರೂ ಮಧ್ಯಾಹ್ನದ ಬೆಲ್ ಹೊಡೆದ ಕೂಡಲೇ ಓಡುತ್ತಿದ್ದದ್ದು ಅವರ ಬನ್ನಿಗೆ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಜೇಮ್ಸ್, ಯಾಕೂಬ್, ಚಾಕೊ, ಈ ಮೂವರದ್ದೂ ಒಂದೇ ಹೆಸರು.

ನನಗೆ ಆಗ ಇದು ಗೊತ್ತಿರಲಿಲ್ಲ. ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಒಂದು ಮದುವೆಗೆಂದು ಹೋಗಿ ಲಾಡ್ಜಿನಲ್ಲಿ ಉಳಿದಾಗ. ರಾತ್ರಿ ಕರೆಂಟು ಹೋಗಿ ಬಂತು, ನಿದ್ದೆ ಬರಲಿಲ್ಲ. ಮೇಜಿನ ಡ್ರಾಯರ್ ಎಳೆದರೆ ಒಳಗೆ ಎರಡು ಪುಟ್ಟ ಪುಸ್ತಕ. ಎರಡೂ ಹೊಸ ಒಡಂಬಡಿಕೆ, ಅಂದರೆ ಬೈಬಲಿನ ಎರಡನೇ ಭಾಗ. ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಸುಮ್ನೆ ಪರಿವಿಡಿ ನೋಡುತ್ತಾ ಕೂತೆ. ಮತ್ತಾಯ ಅಂದರೆ ಮ್ಯಾಥ್ಯೂ, ಲೂಕ ಅಂದರೆ ಲ್ಯೂಕ್, ಯೋಹಾನ ಅಂದರೆ ಜಾನ್. ಸರಿ, ಹೊಂದುತ್ತಾ ಬಂತು. ಕೆಳಗೆ ಒಂದು ಕಡೆ ಬೆರಳು ನಿಂತಿತು. ಕನ್ನಡದಲ್ಲಿ ‘ಯಾಕೋಬನು ಬರೆದ ಪತ್ರಿಕೆ’. ಇಂಗ್ಲಿಷಿನಲ್ಲಿ ಅದೇ ಜಾಗದಲ್ಲಿ ‘ಜೇಮ್ಸ್’. ಅಚ್ಚಿನ ತಪ್ಪು ಅಂದುಕೊಂಡೆ. ಮೇಷ್ಟ್ರ ಬುದ್ಧಿ ನೋಡಿ, ಮೊದಲು ತಪ್ಪೇ ಕಾಣುವುದು.

ತಪ್ಪಾಗಿರಲಿಲ್ಲ. ಇಂಗ್ಲಿಷ್ ಬೈಬಲಿನಲ್ಲಿ ಹಳೆಯ ಕಾಲದ ಮೂಲಪುರುಷನಿಗೆ ಜೇಕಬ್ ಅನ್ನುತ್ತಾರೆ, ಯೇಸುವಿನ ಶಿಷ್ಯನಿಗೆ ಜೇಮ್ಸ್ ಅನ್ನುತ್ತಾರೆ. ಓದುವವನಿಗೆ ಇವು ಎರಡು ಬೇರೆ ಹೆಸರು ಅಂತಲೇ ಅನ್ನಿಸುತ್ತದೆ. ನಮ್ಮ ಕನ್ನಡ ಬೈಬಲ್ ಇಬ್ಬರನ್ನೂ ಯಾಕೋಬ ಅಂತಲೇ ಕರೆಯುತ್ತದೆ. ಇಂಗ್ಲಿಷ್ ಮರೆಸಿದ್ದನ್ನು ಕನ್ನಡ ಉಳಿಸಿಕೊಂಡಿದೆ. ಇದರಲ್ಲಿ ನಮಗೆ ಸ್ವಲ್ಪ ಹೆಮ್ಮೆಯಾದರೆ ತಪ್ಪೇನಿಲ್ಲ.

ಈಗ ಅರ್ಥಕ್ಕೆ ಬರೋಣ. ಮೂಲ ಹೀಬ್ರೂ ಹೆಸರು ಯಅಕೋವ್. ನಡುವೆ ಗಂಟಲಿನ ಆಳದಿಂದ ಬರುವ ಒಂದು ಸದ್ದು ಇದೆ, ಅದಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ. ಹೀಬ್ರೂವಿನಲ್ಲಿ ‘ಅಕೇವ್’ ಎಂದರೆ ಹಿಮ್ಮಡಿ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಕಥೆ ಬರುತ್ತದೆ. ಇಸಾಕ, ರೆಬೆಕ್ಕ ಗಂಡಹೆಂಡಿರು. ಅವಳ ಹೊಟ್ಟೆಯಲ್ಲಿ ಅವಳಿ ಮಕ್ಕಳು, ಒಳಗೇ ಗುದ್ದಾಟ. ಮೊದಲು ಹೊರಗೆ ಬಂದವನು ಕೆಂಪಗೆ, ಮೈತುಂಬ ಕೂದಲು. ಅವನಿಗೆ ಏಸಾವ ಅಂದರು. ಹಿಂದೆಯೇ ಬಂದ ಎರಡನೆಯವನ ಕೈ ಅಣ್ಣನ ಹಿಮ್ಮಡಿ ಹಿಡಿದಿತ್ತು. ಅದಕ್ಕೆ ಅವನು ಯಅಕೋವ್, ಹಿಮ್ಮಡಿ ಹಿಡಿದವನು.

ಕನ್ನಡದಲ್ಲಿ ಕಾಲು ಹಿಡಿಯುವುದು ಅಂದರೆ ಬೇಡಿಕೊಳ್ಳುವುದು. ಕಾಲೆಳೆಯುವುದು ಅಂದರೆ ಗೇಲಿ ಮಾಡುವುದು, ಇಲ್ಲವೇ ಮೇಲೆ ಹೋಗುವವನನ್ನು ಕೆಳಕ್ಕೆ ಜಗ್ಗುವುದು. ಹೀಬ್ರೂವಿನ ಹಿಮ್ಮಡಿ ಹಿಡಿಯುವುದು ಈ ಎರಡನೆಯದಕ್ಕೆ ಹತ್ತಿರ. ಆ ಹುಡುಗ ಬೆಳೆದು ಮಾಡಿದ್ದೂ ಅದನ್ನೇ. ಅಣ್ಣ ಬೇಟೆಗೆ ಹೋಗಿ ಹಸಿದು ಬಂದಾಗ ಒಂದು ಬಟ್ಟಲು ಬೇಳೆಯ ಸಾರು ಕೊಟ್ಟು ಹಿರಿಮಗನ ಹಕ್ಕನ್ನು ಬರೆಸಿಕೊಂಡ ಹಾಗೆ ಕೊಂಡುಕೊಂಡ. ಆಮೇಲೆ ಕಣ್ಣು ಮಂಜಾದ ಅಪ್ಪನ ಮುಂದೆ ಅಣ್ಣನ ಬಟ್ಟೆ ಹಾಕಿಕೊಂಡು, ಕೈಗೆ, ಕುತ್ತಿಗೆಗೆ ಮೇಕೆಮರಿಯ ಚರ್ಮ ಸುತ್ತಿಕೊಂಡು ನಿಂತ. ಅಪ್ಪ ಮುಟ್ಟಿ ನೋಡಿದ. ಸ್ವರವೇನೋ ಯಾಕೋಬನದು, ಆದರೆ ಕೈ ಏಸಾವನದು ಅಂದ. ಅಂದರೂ ಆಶೀರ್ವಾದ ಮಾಡಿಬಿಟ್ಟ. ಅಣ್ಣ ಬಂದು ಬೊಬ್ಬೆ ಹೊಡೆದ. ‘ಇವನಿಗೆ ಯಾಕೋಬ ಅಂತ ಹೆಸರಿಟ್ಟದ್ದು ಸರಿಯಾಗಿಯೇ ಇದೆ, ಎರಡು ಸಲ ನನ್ನನ್ನು ವಂಚಿಸಿದ’ ಎನ್ನುವುದು ಅವನ ಗೋಳಿನ ಸಾರ. ಹೀಬ್ರೂ ಮೂಲದಲ್ಲಿ ಇಲ್ಲೊಂದು ಮಾತಿನ ಆಟವೂ ಇದೆ. ಹಿರಿಮಗನ ಹಕ್ಕಿಗೆ ‘ಬೆಖೋರಾ’, ಆಶೀರ್ವಾದಕ್ಕೆ ‘ಬೆರಾಖಾ’. ಅದೇ ಅಕ್ಷರಗಳು, ಜಾಗ ಮಾತ್ರ ಅದಲುಬದಲು. ಎರಡನ್ನೂ ತಮ್ಮನೇ ಹೊಡೆದುಕೊಂಡ.

ಆ ಮೇಕೆಯನ್ನು ಮರೆಯಬೇಡಿ. ಎಷ್ಟೋ ವರ್ಷದ ಮೇಲೆ ಯಾಕೋಬನೇ ಅಪ್ಪನಾದಾಗ ಅವನ ಮಕ್ಕಳು ಪ್ರೀತಿಯ ತಮ್ಮ ಯೋಸೇಫನನ್ನು ಮಾರಿಬಿಡುತ್ತಾರೆ. ಅವನ ಅಂಗಿಯನ್ನು ರಕ್ತದಲ್ಲಿ ಅದ್ದಿ ತಂದು ತೋರಿಸುತ್ತಾರೆ. ಯಾವುದರ ರಕ್ತ? ಮೇಕೆಯದು. ಮೇಕೆ ಮತ್ತು ಅಂಗಿ ತೋರಿಸಿ ಅಪ್ಪನನ್ನು ಮೋಸ ಮಾಡಿದವನಿಗೆ ಮಕ್ಕಳು ಮೇಕೆ ಮತ್ತು ಅಂಗಿಯನ್ನೇ ತೋರಿಸಿದರು. ಇಂಥ ಕಡೆ ಬೈಬಲ್ ಏನೂ ವಿವರಿಸುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತದೆ. ಒಳ್ಳೆಯ ಕಥೆಗಾರನ ಲಕ್ಷಣ ಅದು.

ಮಕ್ಕಳ ಹೆಸರಿನ ಪಟ್ಟಿಗಳನ್ನು ನೀವು ಫೋನಿನಲ್ಲಿ ನೋಡಿರುತ್ತೀರಿ. ಜೇಕಬ್ ಎದುರಿಗೆ ‘ಇನ್ನೊಬ್ಬರ ಜಾಗ ಕಿತ್ತುಕೊಳ್ಳುವವನು’ ಅಂತ ಅರ್ಥ ಬರೆದಿರುತ್ತದೆ. ಇದು ಅರ್ಧ ಸತ್ಯ. ಅದು ಕಥೆ ಕೊಟ್ಟ ಅರ್ಥ. ಹೆಸರು ಕಥೆಗಿಂತ ಹಳೆಯದಿರಬಹುದು ಎನ್ನುತ್ತಾರೆ ವಿದ್ವಾಂಸರು. ಹೀಬ್ರೂವಿನ ಸೋದರ ಭಾಷೆಗಳಲ್ಲಿ ಇದೇ ಧಾತುವಿಗೆ ‘ಕಾಪಾಡು’ ಎಂಬ ಅರ್ಥವೂ ಇದೆ. ಕ್ರಿಸ್ತಪೂರ್ವ ಎರಡನೇ ಸಾವಿರಮಾನದ ಜೇಡಿಮಣ್ಣಿನ ಫಲಕಗಳಲ್ಲಿ ‘ದೇವರು ಕಾಪಾಡಲಿ’ ಎನ್ನುವ ಧಾಟಿಯ ಇಂಥ ಹೆಸರುಗಳು ಸಿಕ್ಕಿವೆ. ಈಜಿಪ್ಟನ್ನು ಆಳಿದ ಹಿಕ್ಸೋಸರ ಕಾಲದ ಮುದ್ರೆಗಳ ಮೇಲೆ ಯಾಕುಬ್-ಹರ್ ಎಂಬ ದೊರೆಯ ಹೆಸರಿದೆ. ಹಾಗಾದರೆ ‘ದೇವರು ಕಾಪಾಡಲಿ’ ಅಂತ ಇಟ್ಟ ಹೆಸರು ಮೊದಲು, ಹಿಮ್ಮಡಿಯ ಕಥೆ ಆಮೇಲೆ ಹುಟ್ಟಿತು ಎನ್ನುವುದು ಒಂದು ವಾದ. ನನಗೆ ಈ ವಾದ ಒಪ್ಪಿಗೆ. ನಮ್ಮ ಊರುಗಳ ಸ್ಥಳಪುರಾಣ ಹುಟ್ಟುವುದೂ ಹೀಗೇ ಅಲ್ವಾ? ಬೆಂದ ಕಾಳಿನ ಕಥೆ ಹೇಳಿ ಬೆಂಗಳೂರು ಅಂತೀವಿ. ಆದರೆ ಬೇಗೂರಿನ ವೀರಗಲ್ಲಿನಲ್ಲಿ, ಆ ಕಥೆಯ ಬಲ್ಲಾಳರಾಯನಿಗಿಂತ ಮುಂಚೆಯೇ, ಬೆಂಗಳೂರು ಅಂತ ಕೆತ್ತಿದೆ.

ಈಗ ಪ್ರಯಾಣ. ಯಅಕೋವ್ ಹೇಗೆ ಜೇಮ್ಸ್ ಆದ? ಗ್ರೀಕರ ಬಾಯಲ್ಲಿ ಅದು ಯಾಕೋಬೊಸ್ ಆಯಿತು. ಲ್ಯಾಟಿನ್ನಿನಲ್ಲಿ ಯಾಕೋಬುಸ್. ಕಾಲ ಹೋದಂತೆ ಜನರ ಆಡುಮಾತಿನ ಲ್ಯಾಟಿನ್ನಿನಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಬಕಾರ ಹೋಗಿ ಮಕಾರ ಬಂತು, ಯಾಕೊಮುಸ್.

ಒಂದು ಸಣ್ಣ ಪ್ರಯೋಗ ಮಾಡೋಣ. ಎಲ್ಲರೂ ಮೂಗು ಹಿಡಿದುಕೊಂಡು ‘ಅಮ್ಮ’ ಅನ್ನಿ. ಏನು ಬಂತು? ‘ಅಬ್ಬ’. ನೆಗಡಿಯಾದ ಮಗು ಅಮ್ಮನನ್ನು ಕರೆಯುವ ಹಾಗೆ. ಎರಡಕ್ಕೂ ತುಟಿ ಮುಚ್ಚುವುದು ಒಂದೇ ರೀತಿ. ಮೂಗಿನ ಬಾಗಿಲು ತೆರೆದರೆ ಮ, ಮುಚ್ಚಿದರೆ ಬ. ಇಡೀ ಯುರೋಪಿನ ಜೇಮ್ಸ್‌ಗಳೆಲ್ಲ ಹುಟ್ಟಿದ್ದು ಈ ಬಾಗಿಲು ತೆರೆದದ್ದರಿಂದ. ಯಾಕೊಮುಸ್ ಇಟಲಿಯಲ್ಲಿ ಜಾಕೊಮೊ ಆಯಿತು, ಸ್ಪೇನಿನಲ್ಲಿ ಹೈಮೆ. ಹಳೆಯ ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ದಾಟಿ ಜೇಮ್ಸ್ ಆಯಿತು. ಬಕಾರ ಬಿಡದವರು ಜರ್ಮನಿಯಲ್ಲಿ ಯಾಕೋಬ್, ಪೋಲೆಂಡಿನಲ್ಲಿ ಯಾಕುಬ್. ರಷ್ಯಾದಲ್ಲಿ ಅದು ಯಾಕೊವ್. ಫ್ರಾನ್ಸಿನವರು ಅದನ್ನೆಲ್ಲ ನುಂಗಿ ಜಾಕ್ ಅಂದರು.

1603ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೆ ಬಂದ ಜೇಮ್ಸ್ ದೊರೆ ಲ್ಯಾಟಿನ್ ದಾಖಲೆಗಳಲ್ಲಿ ಯಾಕೋಬುಸ್ ಅಂತಲೇ ಇದ್ದಾನೆ. 1611ರಲ್ಲಿ ಅಚ್ಚಾದ ಹೆಸರುವಾಸಿ ಇಂಗ್ಲಿಷ್ ಬೈಬಲಿಗೆ ಅವನ ಹೆಸರೇ ಅಂಟಿಕೊಂಡಿದೆ. ಅಂದರೆ ಅದು ಯಾಕೋಬ ರಾಜನ ಬೈಬಲ್. ಆ ಬೈಬಲಿನೊಳಗೇ ಯಾಕೋಬ ಎರಡು ಹೆಸರಾಗಿ ಒಡೆದು ಕೂತಿದ್ದಾನೆ.

ಸ್ಪೇನಿನವರ ಕಥೆ ನನ್ನಂಥ ಕನ್ನಡ ಮೇಷ್ಟ್ರಿಗೆ ಹೆಚ್ಚು ರುಚಿಸುವಂಥದ್ದು. ಶಿಷ್ಯ ಯಾಕೋಬನ ಸಮಾಧಿ ಸ್ಪೇನಿನ ವಾಯವ್ಯ ಮೂಲೆಯಲ್ಲಿದೆ ಎಂಬ ನಂಬಿಕೆ ಬಹಳ ಹಳೆಯದು. ಅಲ್ಲಿಗೆ ಇವತ್ತಿಗೂ ಜನ ನೂರಾರು ಮೈಲಿ ನಡೆದು ಹೋಗುತ್ತಾರೆ, ಚೀಲಕ್ಕೆ ಕಪ್ಪೆಚಿಪ್ಪು ಕಟ್ಟಿಕೊಂಡು. ಅಲ್ಲಿನ ಮಾತಿನಲ್ಲಿ ಯಾಕೋಬ ‘ಯಾಗೊ’ ಆಗಿದ್ದ. ಸಂತ ಯಾಗೊ, ‘ಸಾಂತ್ ಯಾಗೊ’. ಸೇರಿಸಿ ಹೇಳಿದರೆ ಸಾಂತಿಯಾಗೊ. ಚಿಲಿ ದೇಶದ ರಾಜಧಾನಿಯ ಹೆಸರು ಇದೇ. ಮುಂದೆ ಏನಾಯಿತು ಅಂದರೆ, ಪೋರ್ಚುಗಲ್ಲಿನವರು ಈ ಸಂಧಿಯನ್ನು ತಪ್ಪಾಗಿ ಬಿಡಿಸಿದರು. ಸಾಂ ಮತ್ತು ತಿಯಾಗೊ! ಆ ತಕಾರ ಸಂತನ ತಕಾರ, ಯಾಕೋಬನದಲ್ಲ. ನನ್ನ ಕ್ಲಾಸಿನಲ್ಲಾಗಿದ್ದರೆ ಕೆಂಪು ಶಾಯಿಯ ಗೀಟು ಬೀಳುತ್ತಿತ್ತು. ಈಗ ನೋಡಿ, ಬ್ರೆಜಿಲ್ಲಿನಲ್ಲಿ ಎಷ್ಟೋ ಫುಟ್‌ಬಾಲ್ ಆಟಗಾರರ ಹೆಸರು ತಿಯಾಗೊ. ತಪ್ಪು ಉತ್ತರಕ್ಕೆ ಪೂರ್ತಿ ಅಂಕ. ಡಿಯೆಗೊ ಎಂಬ ಹೆಸರೂ ಹೀಗೇ ಬಂತು ಅಂತ ಹಲವರು ಹೇಳುತ್ತಾರೆ. ಭಾಷೆ ಬಲ್ಲವರಲ್ಲಿ ಅದಕ್ಕೆ ಒಮ್ಮತವಿಲ್ಲ, ಹಾಗಾಗಿ ಮರಡೋನಾ ಅಭಿಮಾನಿಗಳು ಸ್ವಲ್ಪ ತಡೆಯಬೇಕು.

ಸ್ಕಾಟ್ಲೆಂಡಿನ ಗುಡ್ಡಗಾಡಿನ ಗೇಲಿಕ್ ಮಾತಿನಲ್ಲಿ ಜೇಮ್ಸ್ ಎನ್ನುವುದು ಶೇಮಸ್. ಆ ಭಾಷೆಯಲ್ಲಿ ಯಾರನ್ನಾದರೂ ಕೂಗಿ ಕರೆಯುವಾಗ ಹೆಸರಿನ ಮೊದಲ ಅಕ್ಷರ ಮೆತ್ತಗಾಗುತ್ತದೆ. ಶಕಾರ ಹಕಾರವಾಗುತ್ತದೆ. ಶೇಮಸ್‌ನನ್ನು ಕೂಗಿದರೆ ‘ಹೇಮಿಶ್’ ಅಂತ ಕೇಳಿಸುತ್ತದೆ. ಗೇಲಿಕ್ ಬಾರದವರು ಅದನ್ನೇ ಹೆಸರು ಅಂದುಕೊಂಡರು. ಇವತ್ತು ಹೇಮಿಶ್ ಅಂತ ಪಾಸ್‌ಪೋರ್ಟಿನಲ್ಲೇ ಇರುತ್ತದೆ. ನಮ್ಮಲ್ಲಿ ಸಂಬೋಧನಾ ವಿಭಕ್ತಿ ಅಂತ ಬಾಯಿಪಾಠ ಮಾಡಿಸುತ್ತಿದ್ದೆವಲ್ಲ, ಒಂದು ವಿಭಕ್ತಿಯೇ ಹೆಸರಾಗಿ ನಿಂತದ್ದು ಇಲ್ಲಿ.

ಫ್ರಾನ್ಸಿನಲ್ಲಿ ಜಾಕ್ ಎನ್ನುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಜಮೀನುದಾರರು ರೈತರನ್ನೆಲ್ಲ ಒಟ್ಟಿಗೆ ಜಾಕ್ ಅಂತಲೇ ಹೀಯಾಳಿಸುತ್ತಿದ್ದರು. 1358ರಲ್ಲಿ ಆ ರೈತರು ದಂಗೆ ಎದ್ದರು. ಆ ದಂಗೆಗೆ ‘ಜಾಕರಿ’ ಅಂತಲೇ ಹೆಸರು. ಅವರು ತೊಡುತ್ತಿದ್ದ ಗಿಡ್ಡ ಅಂಗಿಯಿಂದ ಜಾಕೆಟ್ ಎಂಬ ಪದ ಬಂದಿರಬೇಕು ಅನ್ನುತ್ತವೆ ನಿಘಂಟುಗಳು. ನಮ್ಮ ಅಜ್ಜಿ ರವಿಕೆಗೆ ಜಾಕೀಟು ಅನ್ನುತ್ತಿದ್ದಳು. ‘ಜಾಕೀಟು ಹೊಲಿಯೋಕೆ ಕೊಟ್ಟು ಎರಡು ವಾರ ಆಯ್ತು, ಆ ದರ್ಜಿಗೆ ಕೈಯಿದೆಯೋ ಇಲ್ವೋ’ ಅಂತ ಅವಳು ಬೈಯುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ನಿಘಂಟಿನ ಮಾತು ನಿಜವಾದರೆ ಯಾಕೋಬ ನಮ್ಮ ಮನೆಯ ಟ್ರಂಕಿನಲ್ಲೇ ಮಡಿಸಿ ಕೂತಿದ್ದ.

ಇನ್ನೂ ಹತ್ತಿರದ ಒಂದು ಜಾಗ ಹೇಳುತ್ತೇನೆ. ಶ್ರೀರಂಗಪಟ್ಟಣ.

ಪ್ಯಾರಿಸ್ಸಿನಲ್ಲಿ ಸೇಂಟ್ ಜಾಕ್ ಹೆಸರಿನ ಒಂದು ಬೀದಿ ಇದೆ. ಆ ಬೀದಿಯಲ್ಲಿ ಮಠ ಮಾಡಿಕೊಂಡಿದ್ದ ಡೊಮಿನಿಕನ್ ಸನ್ಯಾಸಿಗಳಿಗೆ ಜನ ‘ಜಾಕೊಬಿನ್’ ಅಂತ ಕರೆದರು. ಫ್ರೆಂಚ್ ಕ್ರಾಂತಿಯಾದಾಗ ಒಂದು ರಾಜಕೀಯ ಗುಂಪು ಆ ಸನ್ಯಾಸಿಗಳ ಇನ್ನೊಂದು ಮಠದಲ್ಲಿ ಸಭೆ ಸೇರತೊಡಗಿತು. ವಿರೋಧಿಗಳು ಗೇಲಿಗೆಂದು ಅವರಿಗೂ ಜಾಕೊಬಿನ್ ಅಂದರು. ಹೆಸರು ಅಂಟಿಕೊಂಡಿತು. ಅರಸೊತ್ತಿಗೆ ಬೇಡ, ಎಲ್ಲರೂ ಸಮಾನ ಅನ್ನುವವರೆಲ್ಲ ಜಾಕೊಬಿನ್ನರಾದರು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಮುರುಕು ಹಡಗಿನಲ್ಲಿ ಮಂಗಳೂರು ಸೇರಿದ. ಅಲ್ಲಿಂದ ಟಿಪ್ಪುವಿನ ಆಸ್ಥಾನಕ್ಕೆ ಹೋದ. ಆ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚ್ ಸಿಪಾಯಿಗಳು ಜಾಕೊಬಿನ್ ಕ್ಲಬ್ ಕಟ್ಟಿದರು, ಸ್ವಾತಂತ್ರ್ಯದ ಮರ ನೆಟ್ಟರು, ಸುಲ್ತಾನನನ್ನೇ ‘ನಾಗರಿಕ ಟಿಪ್ಪು’ ಎಂದರು ಅಂತ ಒಂದು ದಾಖಲೆ ಹೇಳುತ್ತದೆ. ಆ ಕಾಗದ ಪತ್ರ ಬೆಳಕಿಗೆ ಬಂದದ್ದು 1799ರಲ್ಲಿ ಕೋಟೆ ಬಿದ್ದ ಮೇಲೆ, ಅದನ್ನು ಅಚ್ಚು ಹಾಕಿಸಿದವರು ಇಂಗ್ಲಿಷರು. ಯುದ್ಧ ಮಾಡಿದ್ದು ಸರಿ ಅಂತ ತೋರಿಸಲು ಅವರಿಗೆ ಅದು ಬೇಕಾಗಿತ್ತು. ಹಾಗಾಗಿ ಅದರಲ್ಲಿ ಎಷ್ಟು ನಿಜ, ಎಷ್ಟು ಮಸಾಲೆ ಅಂತ ಇತಿಹಾಸಕಾರರು ಜಗಳವಾಡುತ್ತಾರೆ. ಆ ಜಗಳ ಅವರಿಗಿರಲಿ. ಹಿಮ್ಮಡಿ ಹಿಡಿದ ಕೂಸಿನ ಹೆಸರು ಒಂದು ಬೀದಿ, ಒಂದು ಮಠ, ಒಂದು ಕ್ರಾಂತಿ ದಾಟಿ ಕಾವೇರಿ ದಡದ ಕಥೆಗೂ ಬಂತಲ್ಲ, ನನಗೆ ಅದು ಸಾಕು.

ಬೇಕರಿ ಚಾಕೊ ಅವರ ವಿಷಯ ಬಾಕಿ ಇದೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಯಾಕೋಬನ ಬಳಕೆಯ ರೂಪ ಚಾಕೊ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವುದು ಅವರ ಪದ್ಧತಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಹಾಗೆ. ಹಾಗಾಗಿ ಒಂದೇ ಮನೆಯಲ್ಲಿ ತಲೆಮಾರು ಬಿಟ್ಟು ತಲೆಮಾರಿಗೆ ಚಾಕೊ ಬರುತ್ತಲೇ ಇರುತ್ತಾನೆ. ನರಸಿಂಹರಾಜಪುರದ ಕಡೆ ಹೋದರೆ ಇಂಥ ಮನೆಗಳು ಇವೆ. ಅವರಲ್ಲಿ ಒಂದು ಪಂಗಡಕ್ಕೆ ಯಾಕೊಬೈಟ್ ಅಂತಲೇ ಹೆಸರು. ಆ ಹೆಸರು ಬಂದದ್ದು ಆರನೇ ಶತಮಾನದಲ್ಲಿ ಸಿರಿಯಾದ ಕಡೆ ಇದ್ದ ಯಾಕೂಬ್ ಬುರ್ದಾನಾ ಎಂಬ ಬಿಷಪ್‌ನಿಂದ. ಬುರ್ದಾನಾ ಅಡ್ಡಹೆಸರು. ಕುದುರೆಯ ಬೆನ್ನಿಗೆ ಹೊದಿಸುವ ಹರಕು ಬಟ್ಟೆ ಸುತ್ತಿಕೊಂಡು ತಿರುಗುತ್ತಿದ್ದನಂತೆ. ಚಕ್ರವರ್ತಿಯ ಸೈನಿಕರು ಹುಡುಕುತ್ತಿದ್ದರೆ ಇವನು ಭಿಕ್ಷುಕನ ವೇಷದಲ್ಲಿ ಊರೂರು ಅಲೆದು ಪಾದ್ರಿಗಳಿಗೆ ದೀಕ್ಷೆ ಕೊಟ್ಟ. ಮೇಕೆ ಚರ್ಮ ಸುತ್ತಿಕೊಂಡ ಯಾಕೋಬನಿಗೂ ಕುದುರೆ ಬಟ್ಟೆ ಸುತ್ತಿಕೊಂಡ ಯಾಕೂಬನಿಗೂ ವೇಷದ ನಂಟು ತಪ್ಪಲಿಲ್ಲ.

ಅರಬ್ಬಿಯಲ್ಲಿ ಈ ಹೆಸರು ಯಅಕೂಬ್. ಆ ಗಂಟಲಿನ ಸದ್ದು ಇಲ್ಲಿ ಹಾಗೇ ಉಳಿದಿದೆ. ಕುರಾನಿನಲ್ಲಿ ಯಾಕೂಬರು ಪ್ರವಾದಿ. ಅಲ್ಲಿ ವಂಚನೆಯ ಮಾತಿಲ್ಲ, ತಾಳ್ಮೆಯ ಮಾತಿದೆ. ಮಗ ಯೂಸುಫ್ ಕಾಣೆಯಾದ ದುಃಖದಲ್ಲಿ ಅತ್ತೂ ಅತ್ತೂ ಅವರ ಕಣ್ಣು ಬೆಳ್ಳಗಾಗುತ್ತದೆ. ಕೊನೆಗೆ ಮಗನ ಅಂಗಿಯನ್ನು ತಂದು ಮುಖದ ಮೇಲೆ ಹಾಕಿದಾಗ ದೃಷ್ಟಿ ಮರಳುತ್ತದೆ. ಅಲ್ಲೂ ಅಂಗಿ, ಇಲ್ಲೂ ಅಂಗಿ. ಮೊದಲನೆಯದರಲ್ಲಿ ಮೋಸ, ಎರಡನೆಯದರಲ್ಲಿ ಮದ್ದು. ಮುಸ್ಲಿಂ ಮನೆಯಲ್ಲಿ ಯಾಕೂಬ್ ಅಂತ ಹೆಸರಿಡುವವರ ಮನಸ್ಸಿನಲ್ಲಿ ಹಿಮ್ಮಡಿ ಇರುವುದಿಲ್ಲ, ಆ ಅಪ್ಪ ಇರುತ್ತಾರೆ.

ಜನಪ್ರಿಯತೆ ಬಗ್ಗೆಯೂ ಹೇಳಿ ಅಂತ ಸಂಘಟಕರು ಕೇಳಿದ್ದಾರೆ. ಅದಕ್ಕೆ ಅಮೆರಿಕದ ಲೆಕ್ಕವೇ ಸುಲಭ. ಅಲ್ಲಿನ ಸೋಷಿಯಲ್ ಸೆಕ್ಯೂರಿಟಿ ಇಲಾಖೆ 1880ರಿಂದ ಹುಟ್ಟಿದ ಮಕ್ಕಳ ಹೆಸರಿನ ಪಟ್ಟಿ ಇಟ್ಟಿದೆ. 1950, 60ರ ದಶಕದಲ್ಲಿ ಜೇಕಬ್ ಮೊದಲ ನೂರರಲ್ಲೂ ಇಲ್ಲ. ಅಜ್ಜಂದಿರ ಹೆಸರು ಅಂತ ಬಿಟ್ಟಿದ್ದರು. ಆಮೇಲೆ ಬೈಬಲಿನ ಹಳೆಯ ಹೆಸರುಗಳಿಗೆ ಮತ್ತೆ ಕಾಲ ಬಂತು. 1999ರಲ್ಲಿ ಜೇಕಬ್ ಮೊದಲ ಸ್ಥಾನಕ್ಕೆ ಏರಿ 2012ರ ತನಕ, ಹದಿನಾಲ್ಕು ವರ್ಷ, ಇಳಿಯಲಿಲ್ಲ. 2013ರಲ್ಲಿ ಇನ್ನೊಂದು ಹೀಬ್ರೂ ಹೆಸರು ನೋಆ ಬಂದು ಅವನ ಹಿಮ್ಮಡಿ ಹಿಡಿದು ಎಳೆಯಿತು. ಆ ನಡುವೆ ಬಂದ ಒಂದು ರಕ್ತಪಿಶಾಚಿ ಪ್ರೇಮಕಥೆಯ ಸರಣಿಯಿಂದ ಜೇಕಬ್ ಹೆಸರಾಯಿತು ಅಂತ ಕೆಲವರು ಹೇಳುತ್ತಾರೆ. ಆ ಸರಣಿ ಶುರುವಾದದ್ದು 2005ರಲ್ಲಿ. ಹೆಸರು ಅಷ್ಟರಲ್ಲಿ ಆರು ವರ್ಷದಿಂದ ಮೊದಲ ಸ್ಥಾನದಲ್ಲಿತ್ತು.

ಆದರೆ ಆ ಪಟ್ಟಿಯಲ್ಲೂ ಅದೇ ಲಾಡ್ಜಿನ ಡ್ರಾಯರಿನ ತಮಾಷೆ. ಅಲ್ಲಿ ಜೇಮ್ಸ್ ಬೇರೆ, ಜೇಕಬ್ ಬೇರೆ. 1940ರಿಂದ 1952ರವರೆಗೆ ಹದಿಮೂರು ವರ್ಷ ಜೇಮ್ಸ್ ಮೊದಲನೆಯದು. ಎರಡನ್ನೂ ಕೂಡಿಸಿ, ಇಪ್ಪತ್ತೇಳು ವರ್ಷ ಯಾಕೋಬನದೇ ರಾಜ್ಯ. ಅಮೆರಿಕದ ಅಧ್ಯಕ್ಷರಲ್ಲಿ ಆರು ಮಂದಿ ಜೇಮ್ಸ್‌ಗಳು, ಮ್ಯಾಡಿಸನ್‌ನಿಂದ ಹಿಡಿದು ಜಿಮ್ಮಿ ಕಾರ್ಟರ್ ತನಕ. ಜಿಮ್ಮಿ ಅಂದರೂ ಜೇಮ್ಸೇ. ಒಬ್ಬನೇ ಒಬ್ಬ ಜೇಕಬ್ ಇಲ್ಲ.

ಯೆಹೂದಿ ಮನೆಗಳಲ್ಲಿ ಹೆಸರು ಯಾಕೋವ್ ಅಂತಲೇ ಇದೆ, ಮುದ್ದಿಗೆ ಕೋಬಿ. ಪೂರ್ವ ಯುರೋಪಿನ ಯಿಡ್ಡಿಷ್ ಮಾತಿನಲ್ಲಿ ಯಾಂಕೆಲ್. ನಮ್ಮ ದೇಶದ ಕಥೆಗೆ ಬಂದರೆ, 1971ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗುವ ಮಾತುಕತೆ ನಡೆಸಿದ ಜನರಲ್ ಜೇಕಬ್ ಕಲ್ಕತ್ತೆಯ ಬಾಗ್ದಾದಿ ಯೆಹೂದಿ ಮನೆತನದವರು.

ಇನ್ನು ಒಂದೇ ಒಂದು ಪ್ರಸಂಗ ಉಳಿದಿದೆ, ಈ ಹೆಸರು ಬದಲಾದ ರಾತ್ರಿ. ಯಾಕೋಬ ವರ್ಷಗಟ್ಟಲೆ ಬೇರೆ ದೇಶದಲ್ಲಿದ್ದು ತನ್ನ ಊರಿಗೆ ಹಿಂದಿರುಗುತ್ತಿದ್ದಾನೆ. ಅಣ್ಣ ನಾನೂರು ಜನರೊಂದಿಗೆ ಎದುರು ಬರುತ್ತಿದ್ದಾನೆಂದು ಸುದ್ದಿ. ಹೆದರಿಕೆ. ಯಬ್ಬೋಕ್ ಎಂಬ ಹೊಳೆ. ಹೆಂಡತಿ ಮಕ್ಕಳನ್ನು ದಾಟಿಸಿ ತಾನೊಬ್ಬನೇ ಈ ದಡದಲ್ಲಿ ಉಳಿದ. ಕತ್ತಲಲ್ಲಿ ಯಾರೋ ಬಂದು ಹಿಡಿದುಕೊಂಡರು. ಬೆಳಗಿನ ತನಕ ಕುಸ್ತಿ. ತೊಡೆಯ ಕೀಲು ತಪ್ಪಿತು. ಆದರೂ ಇವನು ಬಿಡಲಿಲ್ಲ, ಆಶೀರ್ವದಿಸಿದ ಹೊರತು ಬಿಡೆ ಅಂದ. ಆ ಅಪರಿಚಿತ ಕೇಳಿದ್ದು ಒಂದೇ ಮಾತು. ನಿನ್ನ ಹೆಸರೇನು?

ಹಿಂದೆ ಅಪ್ಪ ನೀನು ಯಾರು ಅಂತ ಕೇಳಿದಾಗ ‘ಏಸಾವ’ ಅಂದಿದ್ದ. ಈ ಸಲ ‘ಯಾಕೋಬ’ ಅಂದ. ನಿಜ ಹೇಳಿದ ಕೂಡಲೇ ಆ ಹೆಸರು ಹೋಯಿತು. ಇನ್ನು ನೀನು ಇಸ್ರಾಯೇಲ ಅಂತ ಹೊಸ ಹೆಸರು ಸಿಕ್ಕಿತು, ದೇವರೊಡನೆ ಹೋರಾಡಿದವನು ಅಂತ. ಇವತ್ತು ಭೂಪಟದಲ್ಲಿ ಒಂದು ದೇಶದ ಮೇಲೆ ಬರೆದಿರುವುದು ಕುಂಟುತ್ತಾ ಹೊಳೆ ದಾಟಿದ ಈ ಮನುಷ್ಯನ ಎರಡನೇ ಹೆಸರು. ನಿನ್ನ ಹೆಸರೇನು ಅಂತ ಇವನೂ ಕೇಳಿದ. ಅವನು ಹೇಳಲಿಲ್ಲ.

ಹೋದ ವರ್ಷ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಬಂದು ಕಾಲಿಗೆ ನಮಸ್ಕಾರ ಮಾಡಿದರು. ನೋಡಿದರೆ ನಮ್ಮ ಯಾಕೂಬ್, ತಲೆ ನರೆತಿದೆ. ಟೀ ಕುಡಿಯುತ್ತಾ ಜೇಮ್ಸ್ ಎಲ್ಲಿದ್ದಾನೆ ಅಂತ ಕೇಳಿದೆ. ದುಬೈಯಲ್ಲಿದ್ದಾನೆ ಸಾರ್, ದಿನಾ ಮೆಸೇಜ್ ಮಾಡ್ತಾನೆ ಅಂದ. ತಡೆಯಲಾಗದೆ ಈ ಕಥೆಯನ್ನೆಲ್ಲ ಅವನಿಗೆ ಹೇಳಿದೆ. ನಿಮ್ಮಿಬ್ಬರದೂ ಒಂದೇ ಹೆಸರು ಕಣೋ, ನನಗೆ ಆಗ ಗೊತ್ತಿರಲಿಲ್ಲ ಅಂದೆ. ಅವನು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದ.

‘ಹಂಗಾದ್ರೆ ಸಾರ್, ಹಾಜರಿ ಒಂದೇ ಸಲ ಕೂಗಿದ್ರೆ ಸಾಕಿತ್ತಲ್ಲ. ಅವನು ಚಕ್ಕರ್ ಹೊಡೆದಾಗೆಲ್ಲ ನಾನೇ ಹೇಳ್ತಿದ್ದೆ.’